ಕೇಟಿಯ ಹನ್ನೆರಡು ಕಾಗೆಗಳು

ಈ ವಸಂತದಲ್ಲಿ ನಾನು ಒಂದೇ ಒಂದು ಸಲ ಸೀನಿದ್ದಕ್ಕೆ ಹ್ಯೂಸ್ಟನ್ ಪಕ್ಕದ ನಮ್ಮೂರು ಕೇಟಿಯ ನಾನೂರು ಇಲಿಗಳು ಗಂಟುಮೂಟೆ ಕಟ್ಟಿಕೊಂಡು ಓಡಿಹೋಗಿ ಗ್ಯಾಲ್ವೆಸ್ಟನ್ ಸಮುದ್ರಕ್ಕೆ ಬಿದ್ದವು. ಸಮುದ್ರ ಅಡ್ಡ ಬಂತು, ಇಲ್ಲದಿದ್ದರೆ ಮೆಕ್ಸಿಕೋ ಮುಟ್ಟುತ್ತಿದ್ದವು. ನರಿಗಳ ವಿಷಯ ಬೇರೆ. ಅವು ಸೀನಿಗೆ ಬಗ್ಗುವುದಿಲ್ಲ, ಕಣ್ಣಿಗೆ ಬಗ್ಗುತ್ತವೆ; ನಾನು ಪಂಚೆ ಎತ್ತಿ ಕಟ್ಟಿ ಹಿತ್ತಲಿಗೆ ಇಳಿದು ಒಮ್ಮೆ ದಿಟ್ಟಿಸಿದೆನೆಂದರೆ ಹಿಂದೆ ತಿರುಗಿ ನೋಡದೆ ಕಾಡು ಸೇರುತ್ತವೆ. ಇದನ್ನೆಲ್ಲ ನಾನು ಗುರುವಾರ ಬೆಳಗ್ಗೆ ಹತ್ತು ಗಂಟೆಗೆ, ನಮ್ಮ ಅಡುಗೆಮನೆಯ ಗ್ರಾನೈಟ್ ಕಟ್ಟೆಗೆ ಒರಗಿಕೊಂಡು, ಇಲಿ ನರಿ ಹಿಡಿಯುವ ಕಂಪನಿಯಿಂದ ಬಂದಿದ್ದ ಡ್ವೇನ್ ಎಂಬುವನಿಗೆ ಹೇಳುತ್ತಿದ್ದೆ. ಆರೂವರೆ ಅಡಿಯ ಆಸಾಮಿ, ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಏರಿಸಿಕೊಂಡು ಒಳಗೆ ಬಂದಿದ್ದ. ಅವನ ಟ್ರಕ್ಕಿನ ಹಿಂಭಾಗದಲ್ಲಿ ತಂತಿಯ ಬೋನು ಕಾಣುತ್ತಿತ್ತು. ಅದನ್ನು ಇಳಿಸುವುದಕ್ಕೆ ಮುಂಚೆ ನನ್ನ ಪರಾಕ್ರಮ ಅವನ ತಲೆಗೆ ಇಳಿಯಬೇಕು ಅಂತ ನಾನು ಅವಸರದಲ್ಲಿದ್ದೆ. ಅವನು ನಗಲಿಲ್ಲ, "ಯೆಸ್ ಸರ್" ಅಂದ. ನನ್ನ ಹೆಂಡತಿ ಲೀಲಾವತಿ, ಮೂವತ್ತು ವರ್ಷ ಮಕ್ಕಳ ಡಾಕ್ಟರಾಗಿ ದುಡಿದು ನಿವೃತ್ತಳಾದವಳು, ಕೈಯಲ್ಲಿ ಫೋನು ಹಿಡಿದು ಕಿಟಕಿಯ ಹತ್ತಿರ ನಿಂತಿದ್ದಳು. ಸಾಮಾನ್ಯವಾಗಿ ನನ್ನ ಮೂರನೆಯ ವಾಕ್ಯಕ್ಕೆಲ್ಲ ಅವಳ "ಸಾಕು ರೀ" ಬರುತ್ತದೆ. ಅವತ್ತು ಬರಲಿಲ್ಲ. ನಾನು ಸಮುದ್ರದತನಕ ಹೋದೆ, ಆಗಲೂ ಬರಲಿಲ್ಲ.

ಅವಳಿಗೆ ಬೋನು ಬೇಕಿತ್ತು, ನನಗೆ ಬೇಡವಾಗಿತ್ತು, ನಮ್ಮ ನಡುವಿನ ತಕರಾರು ಇಷ್ಟೇ. ಚಳಿಗಾಲದಿಂದಲೂ ನಮ್ಮ ಗ್ಯಾರೇಜಿನಲ್ಲಿ ಇಲಿ. ಸೋನಾ ಮಸೂರಿ ಚೀಲಕ್ಕೆ ತೂತು, ಮಗಳು ಮಧುರಾಳ ಹಳೇ ತಂಬೂರಿಯ ಗವುಸಿಗೆ ತೂತು, ಕೊನೆಗೆ ನನ್ನ ಕಾರಿನ ಹೊಟ್ಟೆಯೊಳಗಿನ ವೈರುಗಳನ್ನೂ ಕಡಿದು ನಾನು ಗೆಳೆಯ ತಿರುಮಲನ ಮನೆಗೆ ಹೊರಟವನು ಡ್ರೈವ್‌ವೇಯಲ್ಲೇ ಕೂರುವಂತಾಯಿತು. ಇಲಿಗಳ ಬೆನ್ನಿಗೆ ನರಿ. ಬೂದು ಬಣ್ಣದ್ದು, ಎಡಗಿವಿ ಹರಿದದ್ದು, ಹಾಡಹಗಲೇ ಮರದ ಬೇಲಿಯ ಮೇಲೆ ಬೆಕ್ಕಿನ ಹಾಗೆ ನಡೆದುಕೊಂಡು ಬರುವಂಥದ್ದು. ಪಕ್ಕದ ಮನೆಯವರು ತಮ್ಮ ಪುಟ್ಟ ನಾಯಿಗೆ ಹೆದರಿ ಬಡಾವಣೆಯ ಸಂಘಕ್ಕೆ ದೂರು ಕೊಟ್ಟರು, ಸಂಘದಿಂದ ನಮಗೆ ಕಾಗದ ಬಂತು. ಇಷ್ಟಕ್ಕೆಲ್ಲ ಲೀಲಾ ಜಗ್ಗುವವಳಲ್ಲ. ಅವಳನ್ನು ಜಗ್ಗಿಸಿದ್ದು ಶುಕ್ರವಾರ. ಶುಕ್ರವಾರ ಅವಳ ಅಮ್ಮನ ವರ್ಷದ ತಿಥಿ. ಶ್ರಾದ್ಧವನ್ನು ಮೈಸೂರಿನಲ್ಲಿ ಅವಳ ಚಿಕ್ಕಪ್ಪನ ಮಗ ಮಾಡುತ್ತಾನೆ. ಆದರೂ ಪ್ರತಿ ತಿಂಗಳು ಆ ತಿಥಿಗೆ ಲೀಲಾ ಇಲ್ಲಿ ತಲೆಗೆ ಸ್ನಾನ ಮಾಡಿ, ಅಡುಗೆ ಮಾಡಿ, ಬಾಳೆಲೆಯ ಚೂರಿನಲ್ಲಿ ಅನ್ನ, ಎಳ್ಳು, ತುಪ್ಪ, ಎರಡು ವಡೆ ಹಾಕಿ ಕಾಗೆಯ ಎಡೆ ಅಂತ ನನ್ನ ಕೈಗೆ ಕೊಡುತ್ತಾಳೆ. ನಾನು ಹಿತ್ತಲ ತುದಿಯ ಚಪ್ಪಡಿಯ ಮೇಲೆ ಇಟ್ಟು ಬರುತ್ತೇನೆ. ಮೊದಲ ತಿಂಗಳಾದ ಮೇಲೆ ಕಾಯುವುದು ಅವಳ ಕೈಲಾಗುವುದಿಲ್ಲ, ಒಳಗೆ ಹೋಗಿ ಮಲಗಿಬಿಡುತ್ತಾಳೆ. ಸ್ವಲ್ಪ ಹೊತ್ತಿಗೆ, "ಬಂತಾ?" ಅಂತ ಕೇಳುತ್ತಾಳೆ. ಬಂತು ಅನ್ನುತ್ತೇನೆ.

"ನರಿ ಅಲ್ಲೇ ಸುಳೀತಿದ್ರೆ ಕಾಗೆ ಕೆಳಗಿಳಿಯುತ್ತಾ ರೀ? ವರ್ಷದ ಎಡೆ. ಅಮ್ಮ ಬಾಗಿಲ ತನಕ ಬಂದು ಹಾಗೇ ವಾಪಸ್ ಹೋಗ್ಬೇಕಾ?" ಅಂದವಳೇ ಕಳೆದ ವಾರ ಫೋನೆತ್ತಿ ಈ ಕಂಪನಿಗೆ ಮಾಡಿದ್ದಳು.

ಡ್ವೇನ್ ನನ್ನ ಮಾತು ಮುಗಿಯುವುದನ್ನು ಕಾದು, ಜೇಬಿನಿಂದ ಒಂದು ಜಿಪ್ ಚೀಲ ತೆಗೆದು ಕಟ್ಟೆಯ ಮೇಲಿಡಲು ಹೋದ. ಅದರೊಳಗಿದ್ದದ್ದು ನರಿಯ ಹಿಕ್ಕೆ. ನಾಳೆಯ ಅಡುಗೆಗೆಂದು ಲೀಲಾ ಬೆಳಗ್ಗೆ ಎರಡು ಸಲ ತೊಳೆದಿದ್ದ ಕಟ್ಟೆ ಅದು. ಅವಳು "ನೋ ನೋ ನೋ" ಅಂತ ಹಾರಿ ಬಂದು ಅವನ ಮಣಿಕಟ್ಟನ್ನೇ ಹಿಡಿದುಕೊಂಡಳು. ಅವನು ಚೀಲವನ್ನು ಬೆಳಕಿಗೆ ಹಿಡಿದು, "ಸರ್, ನಿಮ್ಮ ನರಿ ಇಲಿ ತಿನ್ನುತ್ತದೆ, ಸರಿ. ಆದರೆ ಅನ್ನವನ್ನೂ ತಿನ್ನುತ್ತದೆ. ಇಲ್ಲಿ ನೋಡಿ, ಎಳ್ಳು. ಇಪ್ಪತ್ತು ವರ್ಷದಲ್ಲಿ ಎಳ್ಳು ಉದುರಿಸಿದ ಬೇಗಲ್ ಬ್ರೆಡ್ಡು ತಿನ್ನುವ ನರಿಯನ್ನು ನಾನು ನೋಡಿಲ್ಲ. ಯಾರೋ ದಿನಾ ತಿನ್ನಿಸುತ್ತಿದ್ದಾರೆ. ಚೆಲ್ಲಿದ ಅನ್ನಕ್ಕೆ ಇಲಿ ಬಂದಿವೆ, ಇಲಿಗೆ ನರಿ ನಿಂತಿದೆ. ಊಟ ನಿಲ್ಲಿಸಿದರೆ ಎಲ್ಲ ತಾವಾಗಿಯೇ ಹೋಗುತ್ತವೆ" ಅಂದ. ನಾನು ಪಕ್ಕದ ಮನೆಯ ಕಡೆ ಹುಬ್ಬು ಹಾರಿಸಿ, "ಆ ಜನಕ್ಕೆ ಬುದ್ಧಿ ಇಲ್ಲ" ಅಂದೆ. ಎಪ್ಪತ್ತು ಹತ್ತಿರ ಬಂದವನು, ಎನರ್ಜಿ ಕಾರಿಡಾರ್ ಎಂಬ ಎಣ್ಣೆ ಕಂಪನಿಗಳ ಪೇಟೆಯ ಆಫೀಸಿನಲ್ಲಿ ಮೂವತ್ತೊಂದು ವರ್ಷ ಎಣ್ಣೆಬಾವಿಗಳ ಒತ್ತಡ ಅಳೆದವನು, ಒಂದು ನಾಯಿಮರಿಯ ಮನೆಯವರ ಮೇಲೆ ಎಳ್ಳನ್ನು ಹೊರಿಸಿದೆ. ನನ್ನ ಕಿವಿ ಬಿಸಿಯಾಗುತ್ತಿರುವುದು ನನಗೇ ಗೊತ್ತಾಗುತ್ತಿತ್ತು.

ಮೊದಲನೇ ತಿಂಗಳ ಎಡೆಯ ದಿನ ಹ್ಯೂಸ್ಟನ್ ಆಕಾಶದಲ್ಲಿ ಒಂದು ಕಾಗೆಯೂ ಇರಲಿಲ್ಲ. ಕಾಗೆಯಂತೆಯೇ ಕರ್ರಗಿರುವ ಗ್ರ್ಯಾಕಲ್ ಹಕ್ಕಿಗಳು ಸಾವಿರ ಇದ್ದವು, ಅಂಗಡಿಗಳ ಪಾರ್ಕಿಂಗಿನಲ್ಲಿ ಜನ ಚೆಲ್ಲಿದ ಆಲೂಗಡ್ಡೆ ಫ್ರೈ ತಿಂದು ಕೊಬ್ಬಿದಂಥವು. ಅವುಗಳಲ್ಲಿ ಒಂದು ಬೇಲಿಯ ಮೇಲೆ ಕೂತು ನಮ್ಮ ವಡೆಯನ್ನು ಓರೆಗಣ್ಣಲ್ಲಿ ನೋಡಿ ಹಾರಿಹೋಯಿತು. ಲೀಲಾ ಹನ್ನೆರಡರಿಂದ ಮೂರರವರೆಗೆ ಕಿಟಕಿಯಲ್ಲಿ ನಿಂತಳು. ನಾನೂ ಬರಿಗಾಲಲ್ಲಿ ಹುಲ್ಲಿನ ಮೇಲೆ ನಿಂತು ಕಾ ಕಾ ಅಂತ ಕೂಗಿದೆ. ನನ್ನ ಕಾಗೆಕೂಗಿಗೆ ಒಂದು ಕಾಲದಲ್ಲಿ ಅರ್ಧ ಕೋಲಾರ ಜಿಲ್ಲೆಯ ಕಾಗೆಗಳು ಸೂರ್ಯ ಮರೆಯಾಗುವಂತೆ ಬಂದಿಳಿಯುತ್ತಿದ್ದವು, ಆ ಮಾತು ಇರಲಿ. ಕೊನೆಗೆ ಲೀಲಾ, "ಅಮ್ಮಂಗೆ ಕೋಪ ಹೋಗಿಲ್ಲ" ಅಂತಷ್ಟೇ ಹೇಳಿ ಒಳಗೆ ಹೋದಳು. ಯಾವ ಕೋಪ ಅಂತ ನಾನು ಕೇಳಬೇಕಾಗಿರಲಿಲ್ಲ. ಅತ್ತೆ ತೀರಿಕೊಂಡ ಶನಿವಾರ ಲೀಲಾ ಪ್ರಾಸ್ಪರ್ ಊರಿನಲ್ಲಿದ್ದಳು, ಮಧುರಾಳ ಹೊಸ ಮನೆಯ ಗೃಹಪ್ರವೇಶಕ್ಕೆ, ಇಲ್ಲಿಂದ ಐದು ಗಂಟೆಯ ದಾರಿ. ಹೊರಡುವಾಗ ಅತ್ತೆ ಅವಳ ಸೆರಗು ಹಿಡಿದು, "ಹೋಗ್ಬೇಡ್ವೇ ಲೀಲಾ" ಅಂದಿದ್ದರು. ಲೀಲಾ ಸೆರಗು ಬಿಡಿಸಿಕೊಂಡು, "ಎರಡು ದಿನ ಅಷ್ಟೇ ಅಮ್ಮ, ಮಗು ಥರ ಆಡ್ಬೇಡ" ಅಂದಿದ್ದಳು. ಊರಿನ ಮಕ್ಕಳ ಎದೆಯನ್ನೆಲ್ಲ ಕಿವಿಗೊಟ್ಟು ಕೇಳಿದ ಡಾಕ್ಟರು, ಅಮ್ಮನ ಎದೆ ನಿಂತಾಗ ಇನ್ನೊಂದು ಊರಿನಲ್ಲಿ ಹಾಲು ಉಕ್ಕಿಸುತ್ತಿದ್ದಳು. ಅವಳು ವಾಪಸ್ ಬಂದು ಬಾಗಿಲಲ್ಲೇ ನಿಂತು, "ಏನಾದ್ರೂ ಅಂದ್ರಾ?" ಅಂತ ಕೇಳಿದಾಗ ನಾನು ಹೇಳಿದ್ದೆ: "ಅಂದ್ರು. ಲೀಲಾ ಹೋಗಿದ್ದೇ ಒಳ್ಳೇದಾಯ್ತು, ನಂಗೇನೂ ಕೋಪ ಇಲ್ಲ, ಮನಸ್ಸಿಗೆ ಹಚ್ಕೋಬೇಡ ಅಂತ ಹೇಳಿ ಅಂದ್ರು." ಅದೊಂದು ಮಾತನ್ನು ಅವಳು ಒಂದು ತಿಂಗಳು ಉಟ್ಟುಕೊಂಡು ತಿರುಗಿದ್ದಳು. ಕಾಗೆ ಬರದ ಆ ಮಧ್ಯಾಹ್ನ ಅದು ಹರಿಯಿತು.

ಎಲೆಯನ್ನು ಎತ್ತಿ ಎಲ್ಲಾದರೂ ಮರೆ ಮಾಡೋಣ ಅಂತ ನಾನು ಹಿತ್ತಲಿಗೆ ಹೋದರೆ ಚಪ್ಪಡಿಯ ಮೇಲೆ ನರಿ ಕೂತಿತ್ತು. ನನ್ನನ್ನು ಕಂಡು ಓಡಲಿಲ್ಲ. ಮೊದಲು ವಡೆ ತಿಂದಿತು, ಆಮೇಲೆ ತುಪ್ಪ ಇದ್ದ ಕಡೆಯ ಅನ್ನ, ಕೊನೆಗೆ ಎಲೆ ನೆಕ್ಕಿತು. ನಾನು ಒಳಗೆ ಓಡಿಹೋಗಿ, "ಲೀಲಾ, ಬಂತು!" ಅಂದೆ. "ನಿಜವಾಗ್ಲೂ?" ಅಂತ ಎದ್ದು ಕೂತಳು. ಒಂದು ಕಾಗೆ ಸಾಕಿತ್ತು. ನನ್ನ ನಾಲಿಗೆ ಒಂದಕ್ಕೆ ಎಂದೂ ನಿಂತದ್ದಲ್ಲ. "ಹನ್ನೆರಡು!" ಅಂದೆ. ಅವಳು ನಕ್ಕಳು, ಅತ್ತಳು, ಆಮೇಲೆ ಸಂಜೆಯವರೆಗೆ ನಿದ್ದೆ ಮಾಡಿದಳು; ಒಂದು ತಿಂಗಳಲ್ಲಿ ಅದೇ ಮೊದಲು. ನಾನು ಬಾಗಿಲ ಹೊರಗೆ ಕೂತು ಅವಳ ಗೊರಕೆ ಕೇಳುತ್ತಿದ್ದೆ. ಅಷ್ಟು ಸೊಗಸಾದ ಗೊರಕೆ ಟೆಕ್ಸಾಸ್‌ನಲ್ಲಿ ಇನ್ನೊಂದಿಲ್ಲ. ಮಾರನೆಯ ದಿನ ಮಿಕ್ಕಿದ್ದ ಮೊಸರನ್ನವನ್ನು ಯಾರೂ ಹೇಳದೆಯೇ ತೆಗೆದುಕೊಂಡು ಹೋಗಿ ಚಪ್ಪಡಿಯ ಮೇಲಿಟ್ಟೆ. ಅದರ ಮಾರನೆಯ ದಿನವೂ, ಆಮೇಲೆ ದಿನಾ, ಎಡೆಯ ನೆನಪಿಗೆ ಒಂದು ಚಿಟಿಕೆ ಎಳ್ಳು ಉದುರಿಸಿ.

ಜನ ನನ್ನ ಮಾತಿಗೆ ಒಂದು ದರ ಕಟ್ಟಿಕೊಂಡಿದ್ದಾರೆ, ಅದು ನನಗೆ ಗೊತ್ತಿಲ್ಲದ್ದೇನಲ್ಲ. ತಿರುಮಲ ಎಲ್ಲರ ಮುಂದೆ, "ಉದಯಶಂಕರ ಹೇಳಿದ್ದನ್ನ ಏಳರಿಂದ ಭಾಗಿಸಿ, ಶೇಷ ಇಟ್ಕೊಳ್ಳಿ" ಅನ್ನುತ್ತಾನೆ. ಕನ್ನಡ ಸಂಘದ ಮಕ್ಕಳು ನನ್ನನ್ನು ಸ್ಟೋರಿ ಅಂಕಲ್ ಅನ್ನುತ್ತವೆ. ನಿವೃತ್ತಿಯ ಊಟದಲ್ಲಿ ನನ್ನ ಬಾಸ್ ಎದ್ದು ನಿಂತು ನಾನು ಹೇಳಬೇಕಾಗಿದ್ದ ಚಂಡಮಾರುತದ ಕಥೆಯನ್ನು ನನ್ನ ದನಿಯಲ್ಲೇ ಹೇಳಿಬಿಟ್ಟ. ಕಥೆ ಮುಗಿಯುವ ಮುಂಚೆಯೇ ಎಲ್ಲರೂ ನಕ್ಕರು, ನಾನೂ ನಕ್ಕೆ, ನನ್ನ ಮುಂದಿದ್ದ ಕೇಕನ್ನು ಫೋರ್ಕಿನಲ್ಲಿ ಸಣ್ಣಗೆ ಪುಡಿ ಮಾಡುತ್ತಾ. ಅತ್ತೆಯೊಬ್ಬರೇ ಭಾಗಿಸದೆ ಕೇಳಿದವರು. ಹನ್ನೊಂದು ವರ್ಷ ನಮ್ಮ ಹಿತ್ತಲ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕಾಲುಚೀಲ ಹಾಕಿ ಕೂತು, ಹೂಬತ್ತಿ ಹೊಸೆಯುತ್ತಾ, ನಾನು ಉಸಿರು ತೆಗೆದುಕೊಳ್ಳುವಲ್ಲೆಲ್ಲ "ಆಮೇಲೆ?" ಅನ್ನುತ್ತಿದ್ದರು. ಒಮ್ಮೆ ನನಗೇ ನಾಚಿಕೆಯಾಗಿ, "ಅತ್ತೆ, ಇದನ್ನೆಲ್ಲ ನೀವು ನಂಬ್ತೀರಾ?" ಅಂತ ಕೇಳಿದ್ದೆ. ಬತ್ತಿಯ ತುದಿಯನ್ನು ತೊಡೆಯ ಮೇಲೆ ತೀಡುತ್ತಾ, "ನಂಬೋಕೆ ಯಾಕೆ ಹೋಗ್ಬೇಕು ಅಳಿಯಂದ್ರೇ, ಕೇಳಿದ್ರೆ ಸಾಕಲ್ವಾ" ಅಂದರು. ಆ ಕುರ್ಚಿ ಈಗಲೂ ಅಲ್ಲೇ ಇದೆ. ಅದರ ಮೇಲೆ ಲೀಲಾ ಒಗೆದ ಟವೆಲುಗಳನ್ನು ಪೇರಿಸುತ್ತಾಳೆ. ಟವೆಲುಗಳಿಗೆ ಕಥೆ ಹೇಳಲಾಗುವುದಿಲ್ಲ. ನರಿಗೆ ಹೇಳಬಹುದು. ಅದು ತಿಂದು ಮುಗಿಸಿ ಕೂಡಲೇ ಹೋಗುವುದಿಲ್ಲ, ಮುಂಗಾಲಿನ ಮೇಲೆ ಬಾಲ ಸುತ್ತಿಕೊಂಡು ಕೂತು, ನಾನು ಉಸಿರು ತೆಗೆದುಕೊಳ್ಳುವಲ್ಲಿ ಹರಿದ ಕಿವಿಯನ್ನು ನನ್ನ ಕಡೆ ತಿರುಗಿಸುತ್ತದೆ. ಅದನ್ನು ಯಾವತ್ತಿನಿಂದ ಅತ್ತೆ ಅಂತ ಕರೆಯತೊಡಗಿದೆನೋ ನನಗೆ ನೆನಪಿಲ್ಲ.

"ರೀ," ಅಂದಳು ಲೀಲಾ. ಡ್ವೇನ್ ಬಾಗಿಲ ಕಡೆ ತಿರುಗಿದ್ದ, ಬೋನು ಇಳಿಸಲು. "ಸೋಮವಾರ ನೀವು ತಿರುಮಲ ಅವರ ಮನೇಗೆ ಹೋದಾಗ ಇವರು ಹಿತ್ತಲಲ್ಲಿ ಒಂದು ಕ್ಯಾಮೆರಾ ಕಟ್ಟಿ ಹೋಗಿದ್ರು. ನರಿ ಯಾವ ಕಡೆಯಿಂದ ಬರುತ್ತೆ ನೋಡೋಕೆ. ಅದರ ವಿಡಿಯೋ ನನ್ನ ಫೋನಿಗೆ ಬರುತ್ತೆ."

ಫೋನನ್ನು ಕಟ್ಟೆಯ ಮೇಲೆ ಇಟ್ಟಳು. ಅದರಲ್ಲಿ ನಿನ್ನೆಯ ಬಿಸಿಲು. ಪಂಚೆ ಉಟ್ಟ ಒಬ್ಬ ಮುದುಕ, ಹಿಂದಿನಿಂದ ನೋಡಿದರೆ ಬೋಳುತಲೆ, ನಾನು ತಿಳಿದುಕೊಂಡಿದ್ದಕ್ಕಿಂತ ತುಂಬ ಕುಳ್ಳ, ಸ್ಟೀಲಿನ ತಟ್ಟೆ ಹಿಡಿದು ಚಪ್ಪಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಎದುರಿಗೆ ನರಿ. ಮುದುಕ ಹೇಳುತ್ತಿದ್ದ: "ಅತ್ತೆ, ಶುಕ್ರವಾರ ಮಾತ್ರ ಬರ್ಬೇಡಿ. ಬೋನು ಇಡ್ತಾರಂತೆ. ಕಾಡಿಗೆ ಹೋಗಿ ಎರಡು ದಿನ ಇದ್ದು ಬನ್ನಿ. ಎಡೆಯ ಚಿಂತೆ ನಿಮಗೆ ಬೇಡ, ಕಾಗೆ ಬಂತು ಅಂತ ನಾನು ಹೇಗೂ ಹೇಳ್ತೀನಿ. ಹನ್ನೊಂದು ಸಲ ಹೇಳಿದೀನಲ್ಲ, ಇನ್ನೊಂದು ಸಲ ಹೇಳೋದೇನು ಕಷ್ಟ." ನರಿ ಕಿವಿ ತಿರುಗಿಸಿತು. ಮುದುಕ ಪಂಚೆಯ ತುದಿಯಿಂದ ಮೂಗು ಒರೆಸಿಕೊಂಡ, ಆಮೇಲೆ ಜೋರಾಗಿ ಸೀನಿದ. ನರಿ ಅಲುಗಲೂ ಇಲ್ಲ.

ಡ್ವೇನ್ ನಮ್ಮಿಬ್ಬರ ಭುಜಗಳ ನಡುವೆ ಬಗ್ಗಿ ನೋಡುತ್ತಿದ್ದ. "ಮ್ಯಾಮ್, ಸರ್ ಅದಕ್ಕೆ ಏನು ಹೇಳುತ್ತಿದ್ದಾರೆ?" ಅಂತ ಕೇಳಿದ.

"ದಾರಿ ಹೇಳ್ತಿದ್ದಾರೆ," ಅಂದಳು ಲೀಲಾ, ಇಂಗ್ಲಿಷಿನಲ್ಲಿ. "ಬೋನು ಬೇಡ ಡ್ವೇನ್. ಗ್ಯಾರೇಜಿನ ಸಂದುಗಳನ್ನ ಮುಚ್ಚಿಕೊಡಿ, ಇಲಿಗೆ ಅಷ್ಟು ಸಾಕು. ಊಟ ನಿಲ್ಲಿಸ್ತೀವಿ. ನಾಳೆ ಒಂದು ದಿನ ಬಿಟ್ಟು."

"ಕೊನೇ ಮಾತು ನನಗೆ ಕೇಳಿಸಲಿಲ್ಲ ಮ್ಯಾಮ್," ಅಂದು ಅವನು ತನ್ನ ಜಿಪ್ ಚೀಲವನ್ನು ಜೇಬಿಗಿಟ್ಟುಕೊಂಡು ನೀಲಿ ಪಾದಗಳಲ್ಲಿ ಗ್ಯಾರೇಜಿಗೆ ನಡೆದ.

ನಾನು ಬಾಯಿ ತೆರೆದೆ. ಹೇಳುವುದಕ್ಕೆ ಆಗಲೇ ಎರಡು ಮೂರು ಸಿದ್ಧವಾಗಿದ್ದವು: ಕ್ಯಾಮೆರಾ ಕಟ್ಟಿದ್ದು ಗೊತ್ತಿದ್ದೇ ನಾಟಕ ಆಡಿದೆ, ನರಿಯನ್ನು ಮಾತಿನಲ್ಲಿ ಮರುಳು ಮಾಡಿ ಬೋನಿಗೆ ಬೀಳಿಸುವ ಉಪಾಯ ಅದು. ಲೀಲಾ ಕುರ್ಚಿಯ ಮೇಲಿದ್ದ ಟವೆಲುಗಳನ್ನು ಒಂದೊಂದಾಗಿ ಎತ್ತಿ ನೆಲದ ಮೇಲಿಟ್ಟು ತಾನು ಆ ಕುರ್ಚಿಯಲ್ಲಿ ಕೂತಳು. ಕೂತ ಭಂಗಿ ಅವಳ ಅಮ್ಮನದೇ, ಮೊಣಕಾಲುಗಳು ಒಂದಕ್ಕೊಂದು ಅಂಟಿಕೊಂಡು.

"ಎಷ್ಟು ಕಾಗೆ ಬಂದಿತ್ತು?" ಅಂದಳು.

"ಒಂದೂ ಇಲ್ಲ."

"ಹನ್ನೊಂದು ತಿಂಗಳಲ್ಲಿ?"

"ಒಂದೂ ಬರ್ಲಿಲ್ಲ ಲೀಲಾ. ನರಿಯೇ ತಿಂದಿದ್ದು. ಪ್ರತಿ ಸಲವೂ ಮೊದಲು ವಡೆ."

"ಮೊದಲು ವಡೆ," ಅಂದಳು. ಅತ್ತೆ ಎಲೆಯ ಮುಂದೆ ಕೂತರೆ ಅನ್ನ ಬಡಿಸುವ ಮುಂಚೆ ವಡೆ ಮುಗಿಸುತ್ತಿದ್ದರು, ಅದಕ್ಕೆ ಲೀಲಾ ಗದರುತ್ತಿದ್ದಳು, ಸಕ್ಕರೆ ಕಾಯಿಲೆ, ಎಣ್ಣೆ ಕಡಿಮೆ ಮಾಡು ಅಂತ. ಪ್ರಶ್ನೆಗಳನ್ನು ಅಲ್ಲಿಗೇ ನಿಲ್ಲಿಸಿದ್ದರೆ ನಾನು ಬಚಾವಾಗುತ್ತಿದ್ದೆ. ಅವಳು ನಿಲ್ಲಿಸಲಿಲ್ಲ. ಮಕ್ಕಳಿಗೆ ಎಲ್ಲಿ ನೋಯುತ್ತದೆ ಅಂತ ಒತ್ತಿ ಒತ್ತಿ ಹುಡುಕಿದ ಕೈ ಅವಳದು.

"ಮತ್ತೆ ಅದು? ಕೋಪ ಇಲ್ಲ ಅಂತ ಅಮ್ಮ ಅಂದಿದ್ದು?"

ಗ್ಯಾರೇಜಿನಲ್ಲಿ ಡ್ವೇನ್ ಸ್ಟೀಲ್ ನಾರಿನ ಉಂಡೆಯನ್ನು ಸಂದಿಗೆ ತುರುಕುವ ಸದ್ದು ಬರುತ್ತಿತ್ತು. ನಾನು ನೆಲದ ಮೇಲಿದ್ದ ಟವೆಲುಗಳ ಪಕ್ಕ ಕೂತೆ. ನಿಂತು ಹೇಳುವಂಥದ್ದಾಗಿರಲಿಲ್ಲ ಅದು.

"ನಾನು ಕಟ್ಟಿದ್ದು," ಅಂದೆ. "ಅವರು ಹಾಗನ್ನಲಿಲ್ಲ. ನಾನು ಕಥೆ ಹೇಳ್ತಿದ್ದೆ. ಮಿಡ್‌ಲ್ಯಾಂಡ್‌ನಲ್ಲಿ ಎಣ್ಣೆಬಾವಿಯೊಳಗೆ ಬಿದ್ದು, ಭೂಮಿಯೊಳಗೇ ಮೂರು ದಿನ ನಡೆದು, ಚಿಂತಾಮಣೀಲಿ ನಿಮ್ಮಮ್ಮನ ತವರಿನ ಹಿತ್ತಲ ಬಾವಿಯಿಂದ ಎದ್ದು ಬಂದದ್ದು. ಅರ್ಧ ಬಾವಿ ಹತ್ತಿದ್ದೆ, 'ಆಮೇಲೆ?' ಅಂದ್ರು. ಅಷ್ಟೇ. ಅದೇ ಕೊನೇ ಮಾತು. ನಾನು ಅವರ ಮುಖ ನೋಡ್ಲಿಲ್ಲ ಲೀಲಾ, ನಾನು ಹತ್ತುತ್ತಾ ಇದ್ದೆ. ಮೇಲೆ ಬಂದೆ, ಕಟ್ಟೆ ಹಿಡಿದೆ, ನಿಮ್ಮಮ್ಮ ಚಿಕ್ಕ ಹುಡುಗಿ, ಕೊಡ ಹಿಡ್ಕೊಂಡು ನಿಂತಿದ್ರು, ನನ್ನ ನೋಡಿ ಕೊಡ ಬಿಟ್ಟು ಓಡಿದ್ರು. ಕಥೆ ಪೂರ್ತಿ ಮುಗಿಸಿದೆ. ನಗ್ಲಿಲ್ವಲ್ಲ ಅಂತ ತಿರುಗಿ ನೋಡಿದೆ."

ಅವಳು ಮುಖ ಮುಚ್ಚಿಕೊಳ್ಳುತ್ತಾಳೆ, ಎದ್ದು ಹೋಗುತ್ತಾಳೆ, ನನ್ನನ್ನು ಇನ್ನು ಯಾವತ್ತೂ ನಂಬುವುದಿಲ್ಲ ಅಂದುಕೊಂಡೆ. ಅವಳು ತೊಡೆಯ ಮೇಲಿದ್ದ ತನ್ನ ಎರಡು ಬೆರಳನ್ನು ನೋಡುತ್ತಿದ್ದಳು, ಅವು ತಮ್ಮಷ್ಟಕ್ಕೆ ಏನನ್ನೋ ಹೊಸೆಯುತ್ತಿದ್ದವು. ಆಮೇಲೆ ಕಣ್ಣೆತ್ತದೆಯೇ ಮೆಲ್ಲಗೆ ಕೇಳಿದಳು.

"ಆಮೇಲೆ?"

ಬಾವಿಯಲ್ಲಿ ಬಿದ್ದ ಕೊಡ, ಓಡಿದ ಹುಡುಗಿ, ಊರೆಲ್ಲ ನೆರೆದದ್ದು, ನನಗೆ ಹಾರ ಹಾಕಿದ್ದು, ಎಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಅವನ್ನು ನುಂಗಿದೆ.

"ಆಮೇಲೆ ನಂಗೆ ಭಯ ಆಯ್ತು ಲೀಲಾ," ಅಂದೆ. "ಅವರ ಕಾಲುಚೀಲ ಒಂದು ಜಾರಿತ್ತು, ಅದನ್ನ ಹಾಕಿದೆ. ಕಾಲು ಹಿಡ್ಕೊಂಡು ಒಂದು ಗಂಟೆ ಸುಮ್ನೆ ಕೂತಿದ್ದೆ. ಆಂಬುಲೆನ್ಸ್‌ಗೆ ಕೂಡ್ಲೇ ಫೋನ್ ಮಾಡಿದೆ ಅಂದಿದ್ನಲ್ಲ, ಮಾಡಿರ್ಲಿಲ್ಲ. ನಿಂಗೂ ಮಾಡಿರ್ಲಿಲ್ಲ. ಕಥೆ ಮಾಡದೆ ಅದನ್ನ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."